ಪರ್ಖಿ

ನೆಹರೂ ಗಂಜಿನ್ಯಾಗ ಮೂವತ್ತೊಂದು ವರ್ಷ
ತೊಗರಿ ಚೀಲಕ್ಕ ಪರ್ಖಿ ಚುಚ್ಚಿದಾಂವ ನಾನು.
ಗೇಣುದ್ದ ಕಬ್ಬಿಣ, ನಡುವ ಸೀಳು, ತುದಿ ಚೂಪು.
ಚುಚ್ಚಿ ತಿರುವಿ ಎಳದರ
ಚೀಲದ ಹೊಟ್ಟಿ ಅಂಗೈ ಮ್ಯಾಗ.
ಬಾಯಿ ಕಡಿ ಎಲ್ಲಾ ಚೀಲನೂ ಸಾಹುಕಾರನೇ,
ಕೆಳಗ ಹಳ್ಳು, ನುಸಿ, ಹೋದ ವರ್ಷದ ಕಾಳು.
‘ಅಂಬಾರಾಯನ ಕಣ್ಣಿಗಿ ಮಣ್ಣು ಹಾಕಾಂವ
ಇನ್ನ ಹುಟ್ಟಿಲ್ಲ’ ಅಂತಿದ್ರು ಅಡತಿ ಮಂದಿ.

ಅಂಥಾ ನಾನು, ನೋಡ್ರಿ,
ಹಾಸಿಗ್ಯಾಗ ಮಕ್ಕೊಂಡು, ಬರೇ ಬೊಟ್ಟು ಸರಸಿ
ಕಾಣದ ಚೀಲ ಒಂದು ಕೊಂಡೆ.

ಜಗದೇವಿಗೆ ಕಿವಿ ಮಂದ ಆಗಿ ನಾಕು ವರ್ಷ.
ಕುಕ್ಕರ್ ಸೀಟಿ ಎಣಸೂದು ಬಿಟ್ಟಾಳ,
ಸೊಸಿಗಿ ಬೆರಳಿಲೆ ಕೇಳ್ತಾಳ, ಎಷ್ಟು?
ಫೋನಿನ್ಯಾಗ ಬಂತು ಕಿವಿ ಮಷೀನು, ಜೋಡಿ,
ಹದಿನೆಂಟು ಸಾವಿರದ್ದು ಎರಡು ಸಾವಿರಕ್ಕ ಒಂದು ಕಮ್ಮಿ.
ಇನ್ನ ಹನ್ನೊಂದು ನಿಮಿಷ ಅಷ್ಟೇ, ಅಂತ
ಕೆಂಪು ಗಡಿಯಾರ ಓಡಾಕತ್ತಿತ್ತು.
ಲಿಲಾವಿನ್ಯಾಗ ಹಿಂಗ ಅವಸರ ಮಾಡಿಸೋ ದಲಾಲನ್ನ
ಎಷ್ಟು ಸಲ ಬೈದೀನಿ ನಾನೇ.
ಅವತ್ತು ನನ್ನ ಬೆರಳೇ ನಡುಗಿತು,
ಎಲ್ಲಿ ತಪ್ಪಿ ಹೋಗ್ತದೋ ಅಂತ.

‘ಮಾರಾಂವ ಯಾರು?’ ಕೇಳಿದಳು ಜಗದೇವಿ.
‘ಕಂಪನಿ!’ ಒದರಿದೆ ಕಿವ್ಯಾಗ.
‘ಕಂಪನಿಗಿ ಊರಿಲ್ಲೇನು?’
ಹೆಂಗೂ ಕೇಳಸಲ್ಲ ಅಂತ ಉತ್ತರ ಕೊಡಲಿಲ್ಲ.
ಕಾರ್ಡಿನ ಹದಿನಾರು ಅಂಕಿ, ಬೆನ್ನ ಮ್ಯಾಲಿನ ಮೂರು,
ತೂಕದ ಚೀಟಿ ಬರದಂಗ ಬರದೆ.

ಹದಿಮೂರನೇ ದಿನ ಬಂತು ಡಬ್ಬಿ.
ಒಳಗ ನೀಲಿ ರಬ್ಬರಿನ ಎರಡು ಬೆಣಿ.
ಈಜೂವಾಗ ನೀರು ಹೋಗಬಾರದಂತ
ಕಿವಿಗಿ ತುರುಕ್ಕೊಂತಾರಲ್ಲ, ಅವು.
ಕೇಳಸೂವಂಥಾದ್ದು ಬೇಡಿದ್ರ
ಮುಚ್ಚೂವಂಥಾದ್ದು ಕಳಿಸ್ಯಾನ.
ಜಗದೇವಿ ಹಾಕ್ಕೊಂಡು ನೋಡಿ
‘ಬರೋಬರಿ ಅದ, ನೀ ಬೈಯೋದೂ ಕೇಳಸಂಗಿಲ್ಲ’
ಅಂತ ನಕ್ಕಳು.
ರಾತ್ರಿ ಎರಡಕ್ಕ ಫೋನು ಟಿಣ್ ಅಂತು.
ನಾಕು ಸಾವಿರ ಹೋದವು.
ಕೊಟ್ಟಿಲ್ಲ, ಕೇಳಿಲ್ಲ, ಹೋದವು.

ಬ್ಯಾಂಕಿನ್ಯಾಗ ನುಝತ್ ಇದ್ದಳು,
ನಮ್ಮ ಹಮಾಲ ಲಾಡ್ಲೇಸಾಬನ ಮಗಳು.
‘ಕಾಕಾ, ರಾತ್ರಿನೇ ಕಾರ್ಡ್ ಬಂದ್ ಮಾಡಬೇಕಿತ್ರಿ,
ಬ್ಯಾಂಕ್ ಮುಚ್ಚಿದ್ರೂ ಅದರ ನಂಬರ್ ಮುಚ್ಚಂಗಿಲ್ಲ.
ಡಬ್ಬಿ ಚೆಲ್ಲಿಲ್ಲಲ್ಲ? ಫೋಟೋ ತಗೀರಿ.
ಅವರು ತೋರಿಸಿದ ಚಿತ್ರ, ಬಿಲ್ಲು, ಎಲ್ಲಾ ಬೇಕು.’
ತಕರಾರು ಅರ್ಜಿ ತಾನೇ ತುಂಬಿದಳು.
ಆಮ್ಯಾಲ ದನಿ ಸಣ್ಣ ಮಾಡಿ:
‘ಪಗಾರ, ಗ್ಯಾಸಿಂದು, ಅಕ್ಕನ ಬಾಣಂತನದ್ದು,
ಎಲ್ಲಾ ಒಂದೇ ಚೀಲದಾಗ ತುಂಬಿ
ಬಾಯಿ ಬಿಚ್ಚಿ ಬಾಜಾರದಾಗ ಯಾಕ ಇಟ್ರಿ?
ಬ್ಯಾರೆ ಸಣ್ಣ ಖಾತೆ ತಗೀರಿ.
ಕೊಳ್ಳೋ ದಿನ ಬೇಕಾದಷ್ಟೇ ಹಾಕ್ರಿ.
ಕಳ್ಳ ಬಂದ್ರ ಹಿಡಿ ಕಾಳು ಸಿಗಲಿ, ರಾಶಿ ಅಲ್ಲ.’
ಲಾಡ್ಲೇಸಾಬ ಬೆನ್ನಿಲೆ ಹೊತ್ತ ಚೀಲ
ಮಗಳು ತಲ್ಯಾಗ ಹೊತ್ತಾಳ.

ಈಗ ಎಲ್ಲಾದಕ್ಕೂ ಪರ್ಖಿ ಹಾಕ್ತೀನಿ.
ಒಂದು ಅಂಗಡಿ, ಹುಮನಾಬಾದ ಬೇಸ್ ಹತ್ತಿರ
ನಮ್ಮದು, ಅಂತ ಬರಕೊಂಡಿತ್ತು.
ಸೈಕಲ್ ಹೊಡಕೊಂಡು ಹೋದೆ.
ಅಲ್ಲಿ ಪಂಕ್ಚರ್ ತಿದ್ದೋ ಹುಡುಗ,
ನೀವು ನಾಕನೇ ಮಂದಿರಿ, ಅಂದ.

ನಾಕು ಸಾವಿರ ಐವತ್ತು ದಿನಕ್ಕ ಹೊಳ್ಳಿ ಬಂದವು.
ಬೆಣಿಯ ರೊಕ್ಕ ಇನ್ನೂ ಜಗಳದಾಗ ಅದ.
ಸಾಮಾನು ಮುಟ್ಟ್ಯಾದ, ಸಹಿ ಅದ, ಅಂತಾರ ಅವರು.
ಮುಟ್ಟಿದ್ದು ಖರೇ.

ಕಡೀಕ ದವಾಖಾನಿಗೇ ಹೋಗಿ
ಕಿವಿ ತೋರಿಸಿ, ಹಾಕಿ ನೋಡಿ, ಆಮ್ಯಾಲ ರೊಕ್ಕ ಎಣಿಸಿ
ಖರೇ ಮಷೀನು ತಂದ್ವಿ.
ಮನ್ಯಾಗ ಎಲ್ಲಾರೂ ಏನೇನೋ ಒದರಾಕತ್ರು.
ನಾನು ಅಂಗೈಯಾಗ ಹಿಡಿ ತೊಗರಿ ಹಿಡದು
ಅಕಿ ಕಿವಿ ಹತ್ತಿರ ಮೆಲ್ಲಕ ಅಲಗಾಡಿಸಿದೆ.
ಜಗದೇವಿ ಕಣ್ಣು ಮುಚ್ಚಿದಳು.
‘ಹಸಿ ಅದಾವ’ ಅಂದಳು,
‘ತಗೋಬ್ಯಾಡ.’