ಬಲಗಾಲಿನ ಲೆಕ್ಕ

ಎಲುಬಿಗೆ ರಕ್ತ ಹೋಗೋದು ನಿಂತೈತಿ ಅಂದ್ರು ಹುಬ್ಬಳ್ಳಿ ಡಾಕ್ಟರು,
ಫೋಟೋ ಬೆಳಕಿಗೆ ಹಿಡಿದು:
ತೊಡಿ ಎಲುಬಿನ ತಲಿ, ಹುಳ ತಿಂದ ಕಟ್ಟಿಗಿಯಂಗ.
ನಾ ಕೇಳಿದ್ದು ಒಂದ.
ಸೈಕಲ್ಲು?

ಅವರು ನಕ್ಕರು. ತಮ್ಮ ವಿರೂಪಾಕ್ಷ ನಗಲಿಲ್ಲ.
ಅವ ನೋಡ್ಯಾನ:
ಬೆಟಗೇರಿ ಓಣ್ಯಾಗ ಮಗ್ಗ ಸಪ್ಪಳ ಮಾಡೂಕಿಂತ ಮೊದಲ
ಅಕ್ಕ ಡಂಬಳ ಮುಟ್ಟಿ ಬರತಿದ್ಲು;
ಮುನ್ನೂರು ಕಿಲೋಮೀಟರಿನ ರಾತ್ರಿ ಸವಾರಿ ಮುಗಿಸಿ
ಬಾಗಲದಾಗ ನಿಂತ ಒಂದು ತಂಬಿಗಿ ಮಜ್ಜಿಗಿ ಕುಡದು
ಪೋಸ್ಟ್ ಆಫೀಸಿಗೆ ಹೋಗತಿದ್ಲು, ಪತ್ರಕ್ಕ ಮುದ್ರಿ ಒತ್ತಾಕ.

ಈಗ ಒಳಗೊಂದು ಗುಂಡು ಐತಿ, ಬಿಳೇದು,
ಪಿಂಗಾಣಿ ಅಂತ, ಅದಕ್ಕ ಲೋಹದ ದಂಟು.
ನೋಡಾಕ ಬಂದ ಮೌಲಾಲಿ, ಸೈಕಲ್ ಅಂಗಡ್ಯಾವ,
ಹಣ್ಣಿನ ಚೀಲ ಕೆಳಗಿಟ್ಟು ಕೇಳಿದ:
"ಗ್ರೀಸ್ ಹಾಕ್ಯಾರೇನ್ರಿ ಬಾಯಾರ?"
ನಕ್ಕೆ. ಹೊಲಿಗಿ ಜಗ್ಗಿತು.

ನೆಲಕ್ಕ ಕುಂಡ್ರಬ್ಯಾಡ.
ಕಾಲ ಮ್ಯಾಲ ಕಾಲ ಹಾಕಬ್ಯಾಡ.
ಬಿದ್ದ ಚಮಚ ಬಗ್ಗಿ ತಗೀಬ್ಯಾಡ.
ಹೋದಲ್ಲೆಲ್ಲಾ ಕುರ್ಚಿ.
ಕುಬಸದ ಮನ್ಯಾಗ ಪಂಕ್ತಿ ಎಲ್ಲಾ ನೆಲಕ್ಕ, ನಾ ಒಬ್ಬಾಕಿ ಮ್ಯಾಲ,
ಕೂಡಿಸಿದ ಬೊಂಬಿಯಂಗ.
ಬಡಿಸೋ ಹುಡುಗಿ ಹೋಳಿಗಿ ಹಿಡಿದು
ಕೈ ಎತ್ತಬೇಕಾತು.

ಅವ್ವ ಎಂಬತ್ತರಾಗೂ ಕುಣಿಮಗ್ಗಕ್ಕ ಇಳೀತಾಳ,
ಒತ್ತಿ, ಬಿಟ್ಟು, ಒತ್ತಿ.
"ಕಾಲಿಗೆ ಸುಮ್ಮ ಕುಂಡ್ರೂದು ಗೊತ್ತಿಲ್ಲವಾ,
ನಾವ ಕಲಸ್ತೀವಿ ಅದಕ್ಕ."

ಎಲ್ಲಿಗೂ ಹೋಗದ ಸೈಕಲ್ಲಿನ ಮ್ಯಾಲ ಕೂಡಿಸಿ
ಅಸ್ಮಾ ಅಂದ್ಲು: ಮೊದಲ ಹಿಂದಕ್ಕ ತುಳೀರಿ.
ಎರಡು ವಾರ ಹಿಂದಕ್ಕ ತುಳದೆ.
ಎಷ್ಟು ಹಿಂದ ಹೋದೆನೋ,
ಅಪ್ಪನ ದೊಡ್ಡ ಸೈಕಲ್ಲಿನ ನಡುವಿನ ದಂಡಿ ಕೆಳಗ ಕಾಲು ತೂರಿಸಿ
ಒಳಪೆಡ್ಲು ಹೊಡದ ದಿನದ ಮಟಾ.
ಅವತ್ತೂ ಇದ ತಕರಾರು: ಕಾಲು ಆ ಕಡೆ ಹಾಕೂದು ಹೆಂಗ?

ಏಳನೇ ತಿಂಗಳು, ಆಷಾಢ.
ಸೈಕಲ್ಲು ನೆಲದ ಕಡೆ ವಾಲಿಸಿ, ಆಕಳಾ ಮಲಗಿಸಿದಂಗ,
ಕಾಲು ಎತ್ತಿ ಆಚಿಗೆ ಇಟ್ಟೆ.
ಅಷ್ಟ. ಇಟ್ಟು, ನಿಂತೆ.
ಮುನ್ನೂರು ಕಿಲೋಮೀಟರಿನ ಯಾವ ರಾತ್ರಿನೂ
ಇಷ್ಟು ದೂರ ಇರಲಿಲ್ಲ.

ಲಕ್ಕುಂಡಿ ರಸ್ತೆ. ಎರಿ ಹೊಲದಾಗ ಹೆಸರು ಹೂ ಬಿಟ್ಟೈತಿ.
ಬೆನ್ನಿಗೆ ಗಾಳಿ;
ಬರಬೇಕಾದ್ರ ಇದ ಗಾಳಿ ಎದಿಗೆ, ಗೊತ್ತು.
ಸರಕಾರಿ ಸೈಕಲ್ಲಿನ ಮ್ಯಾಲ ಮೂರು ಹುಡುಗ್ಯಾರು, ಬೆನ್ನಿಗೆ ಪಾಟಿಚೀಲ,
ಮಾತಾಡಕೋತ ದಾಟಿ ಹೋದ್ರು. ಒಬ್ಬಾಕಿ ಹೊಳ್ಳಿ ನೋಡಿ:
"ಆಂಟಿ, ಚೈನ್ ಬಿದ್ದೈತೇನ್ರಿ?"

ಇಲ್ಲವಾ. ಚೈನ್ ಐತಿ.
ಲೆಕ್ಕ ಹೊಸಾದು.
ಎಡಗಾಲು ನಲವತ್ತೊಂದು ಸಾವಿರ ಓಡೈತಿ,
ಬಲಗಾಲು, ಈ ಬೇವಿನ ಗಿಡದ ಮಟಾ, ಆರು.
ಒಂದ ಸೀಟಿನ ಮ್ಯಾಲ ಅಕ್ಕ ತಂಗಿ;
ದೊಡ್ಡಾಕಿ ನಡಿ ಅಂತಾಳ, ಸಣ್ಣಾಕಿ ತಡಿ ಅಂತಾಳ.

ತಗದ ಎಲುಬು ಎಲ್ಲಿ ಹೋತು ಅಂತ ಕೇಳಿರಲಿಲ್ಲ ನಾ.
ಕಪ್ಪತಗುಡ್ಡದ ತಿರುವು, ಗಾಳಿಗಿರಣಿ ಕೆಂಪು ದೀಪ,
ಬೆಳಗಿನ ಐದರ ಚಳಿ ಅದಕ್ಕ ಗೊತ್ತಿತ್ತು.
ಇದಕ್ಕ ಯಾವುದೂ ಗೊತ್ತಿಲ್ಲ.
ಹೇಳಿಕೊಡಬೇಕು, ಒಂದೊಂದ ಊರು.

ಲಕ್ಕುಂಡಿ ಚಾದಂಗಡಿ ಅಜ್ಜ ಕುರ್ಚಿ ಒರಿಸಿದ,
ನನ್ನ ಸುದ್ದಿ ಏನೂ ಗೊತ್ತಿಲ್ಲ ಅವಗ.
"ಕುಂಡ್ರಿ."
"ಬ್ಯಾಡ್ರಿ. ಏಳು ತಿಂಗಳು ಕುಂತ ಬಂದೀನಿ."
ನಿಂತ ಚಾ ಕುಡದೆ. ಮಿರ್ಚಿ ಒಂದು ಅಂದದ್ದು ಎರಡಾತು.
ಒಳಗ ಏನೋ ಟಕ್ ಅಂತು. ನೋವಲ್ಲ;
ಬಾಡಗಿಗೆ ಬಂದವರು
ಭಾಂಡೆ ಜೋಡಸೂ ಸಪ್ಪಳ.

ಸೈಕಲ್ಲು ಪಡುವಣಕ್ಕ ಹೊಳ್ಳಿಸಿದೆ.
ಗಾಳಿ ಕಾಯತಿತ್ತು.