ಐದನೇ ತಾರೀಖು

ಉಂಡ ತಟ್ಟೆ ಸರಿಸಿ ಅವ್ವ ಹಾಲಿನ ಲೆಕ್ಕದ ಪುಸ್ತಕ ಬಿಚ್ಚಿದಳು:
ಮೆಸ್ಕಾಂ ಬಿಲ್ಲು ಸಾವಿರದ ನೂರ ನಲವತ್ತು,
ಬಾಡಿಗೆ, ಸಿಲಿಂಡರು, ಅಪ್ಪನ ಸಕ್ಕರೆ ಮಾತ್ರೆ.

ತಮ್ಮ ಹಾಲೇಶ ಐದು ಸಾವಿರ ಇಟ್ಟ,
ಬೈಕಿನದೂ ಮನೆಯದೂ ಕೂಡಿದ ಕೀಗೊಂಚಲ ಪಕ್ಕ,
ಫೋನಿನಿಂದ ಕಣ್ಣೆತ್ತದೆ.
ನಾನೂ ಐದು ಇಟ್ಟೆ.
ನನ್ನದನ್ನು ಮಾತ್ರ ಅವ್ವ ವಾಪಸು ತಳ್ಳಿದಳು,
"ನಿಂದು ನಿನಗಿರಲಿ ಬಿಡೇ, ಮುಂದೆ ಬೇಕಾಗ್ತದೆ."

ಮುಂದೆ ಅಂದರೆ ಏನೆಂದು ಕೇಳಲಿಲ್ಲ.
ಆ ಮಾತಿನೊಳಗೆ ಒಂದು ಮಂಟಪ ಇದೆ, ಒಂದು ಬೀರು ಇದೆ.
ನಾನು ಇರುವುದು ಈಗ, ಗೋಪಾಳದ ಈ ಎರಡು ಕೋಣೆಯಲ್ಲಿ,
ಗೀಸರು ಆರಿಸಲು ಮರೆಯುವವಳು,
ಮೂರನೇ ದೋಸೆ ಕೇಳುವವಳು.

ದುರ್ಗಿಗುಡಿಯ ಲ್ಯಾಬಿನಲ್ಲಿ
ನರ ಸಿಗದ ಕೈಗಳನ್ನು ತಟ್ಟಿ ತಟ್ಟಿ ರಕ್ತ ತೆಗೆಯುತ್ತೇನೆ.
ಸಂಬಳ ಹದಿನೆಂಟು. ತಮ್ಮನದು ಹದಿನೈದು.
"ನ್ಯಾಯವಾಗಿ ನಂದು ಆರು" ಅಂದು
ಇನ್ನೊಂದು ಸಾವಿರ ಸೇರಿಸಿ ತಳ್ಳಿದೆ.

ಹಾಲೇಶ ಈಗ ಕಣ್ಣೆತ್ತಿದ.
ಅಪ್ಪ ಫ್ಯಾನಿನ ಕಿರಕಿರವನ್ನೇ ಕೇಳುತ್ತಾ ಕೂತಿದ್ದ.

ಅವ್ವ ನೋಟು ಎಣಿಸಿದಳು. ಎರಡು ಸಲ.
ಅವನ ಹೆಸರಿನ ಕೆಳಗೆ ನನ್ನದು ಬರೆಯಹೋದರೆ
ಪೆನ್ನು ನಡೆಯಲಿಲ್ಲ;
ಅಂಗೈಗೆ ಉಜ್ಜಿ, ಗೀಚಿ ನೋಡಿ, ಬರೆದಳು.

"ಹಂಗಾದ್ರೆ" ಅಂದಳು, ಬಹಳ ಹೊತ್ತಿನ ಮೇಲೆ,
"ರಾತ್ರಿ ಪಾಳಿ ಮುಗಿಸ್ಕಂಡು ಬಂದು ಬಾಗಿಲು ಬಡೀಬೇಡ,
ನಂಗೆ ನಿದ್ದೆ ಕೆಡ್ತದೆ."

ಮತ್ತೆ ಮನೆ ಖರ್ಚಿನ ಪಟ್ಟಿಯ ಕೊನೆಗೆ,
ಗುಂಡಗಿನ ಅಕ್ಷರದಲ್ಲಿ:
ಬೀಗದ ಕೈ, ಒಂದು. ಎಂಬತ್ತು ರೂಪಾಯಿ.