ಮೊಣಕೈ ಎತ್ತರ

ಒಂಬತ್ತನೇ ಬ ವಿಭಾಗಕ್ಕೂ ವಿಜ್ಞಾನದ ಕೋಣೆಗೂ ನಡುವಿನ ಗೋಡೆ
ಶನಿವಾರ ಬಿತ್ತು.
ಕರಿಹಲಗೆ ಕಿತ್ತಾಗ ಅದರ ಹಿಂದೆ ಇನ್ನೊಂದು, ಗಾರೆಯದು,
ಮೇಲೆ ಯಾರೋ ಅರ್ಧಕ್ಕೆ ಬಿಟ್ಟ ಲೆಕ್ಕ.
ಗಣಿತದವಳು ನಾನು; ಗೌಂಡಿ ಸುತ್ತಿಗೆ ಎತ್ತುವ ಮೊದಲು
ಮನಸ್ಸಿನಲ್ಲೇ ಬಿಡಿಸಿ ಮುಗಿಸಿದೆ.

ಬೆಳಗಾವಿಯ ತಂಪು ಗಾಳಿ ಎನ್ನುತ್ತಾರೆ ಹೊರಗಿನವರು.
ನಮ್ಮ ಶಾಲೆಗೆ ಅದು ಉದ್ಯಮಬಾಗ ದಾಟಿ ಬರುತ್ತದೆ,
ಸುಟ್ಟ ಮರಳಿನ, ಎಣ್ಣೆಯ ವಾಸನೆ ಹೊತ್ತು.
ನಮ್ಮ ಮಕ್ಕಳಿಗೆ ಅದು
ಬಾಗಿಲ ಹಿಂದೆ ತೂಗುಬಿಟ್ಟ ಅಪ್ಪನ ಅಂಗಿ.

ನಕ್ಷೆ ಮೇಲಿನಿಂದ ಬಂದಿತ್ತು:
ಇಲ್ಲಿ ಲೇಥು, ಇಲ್ಲಿ ವೆಲ್ಡಿಂಗು, ಇಲ್ಲಿ ವೈರಿಂಗಿನ ಹಲಗೆ.
ಕೈ ತೊಳೆಯುವ ನಲ್ಲಿ ಮರೆತಿದ್ದರು.

ಪಾಲಕರ ಸಭೆಯಲ್ಲಿ ಕೊನೆಯ ಬೆಂಚಿನಿಂದ ಎದ್ದವನು
ಭರಮಾ ಅನಗೋಳಕರ, ತನುಜಾಳ ಅಪ್ಪ.
ಒಪ್ಪಿಗೆ ಪತ್ರ ಎಡಗೈಯಲ್ಲಿತ್ತು,
ಆ ಕೈಗೆ ಮೂರೇ ಬೆರಳು.
"ಮಶೀನ ಇರಲಾರದ ಜಾಗಾ ಅಂತ
ಪೋರಿನ್ನ ಸಾಲಿಗೆ ಕಳಸೇನ್ರಿ ಟೀಚರ್.
ನೀವು ಅದನ್ನ ಒಳಗ ಕರಕೊಂಡ ಬಂದ್ರಿ?"

ನನ್ನ ಹತ್ತಿರ ಸುತ್ತೋಲೆ ಇತ್ತು.
ಡಿಪ್ಲೊಮಾ ಎಂದೆ, ಸರ್ಟಿಫಿಕೇಟು ಎಂದೆ,
ಬಾಣಲೆಯಲ್ಲಿ ಕಲ್ಲು ಹುರಿದಂತೆ ಕೇಳಿಸಿತು ನನಗೇ.

ಚಹಾ ಆಯಿತು, ಎಲ್ಲರೂ ಎದ್ದರು. ಅವನು ಹೋಗಲಿಲ್ಲ.
ಇಟ್ಟಿಗೆ ದಾಟಿ ಒಳಗೆ ನಡೆದ,
ಕಿಟಕಿ ನೋಡಿದ, ನಕ್ಷೆಯನ್ನು ತಿರುಗಿಸಿ ಹಿಡಿದ.
"ಲೇಥ್ ಇಲ್ಲಿಟ್ರ ಸಂಜೀ ಬಿಸಲ ಕಣ್ಣಾಗ ಹೊಡೀತೈತಿ.
ನೆಲಾ ನುಣುಪ ಮಾಡಬ್ಯಾಡ್ರಿ, ಎಣ್ಣಿ ಚೆಲ್ಲಿದ್ರ ಜಾರತಾವ ಹುಡುಗ್ರು.
ಮತ್ತ ಬಂದ್ ಮಾಡೂ ಕೆಂಪ ಗುಂಡಿ,
ಅಲ್ಲಿ ಗ್ವಾಡಿಗೆ ತೋರಸ್ಯಾರ.
ಗ್ವಾಡಿ ಮಟಾ ಯಾರ ಓಡತಾರ್ರಿ?"

ಸೀಮೆಸುಣ್ಣ ಕೇಳಿದ.
ತನುಜಾಳನ್ನು ಕರೆದು ಕಂಬಕ್ಕೆ ಒರಗಿಸಿ, ಕೈ ಮಡಚು ಎಂದ.
ಮೊಣಕೈ ಎತ್ತರಕ್ಕೆ ಒಂದು ಗೆರೆ.
"ಒಂದ ಕೈ ಒಳಗ ಸಿಕ್ಕಾಗ
ಇನ್ನೊಂದಕ್ಕ ಎಟಕಬೇಕ ಅದು."

ನಾನು ಟೇಪು ಹಿಡಿದೆ: ತೊಂಬತ್ನಾಲ್ಕು ಸೆಂಟಿಮೀಟರ್.
ನಕ್ಷೆಯಲ್ಲಿದ್ದದ್ದು ನೂರಾ ನಲವತ್ತು.

ಪತ್ರ ಮತ್ತೆ ಅವನ ಕಿಸೆಗೆ ಹೋಯಿತು.
"ಸಹಿ ಆಮ್ಯಾಲ. ಗುಂಡಿ ಕೂಡಸ್ರಿ,
ನಾ ಬಂದ ಒತ್ತಿ ನೋಡತೇನಿ."

ಸೋಮವಾರ ಬಣ್ಣದವನಿಗೆ
ಕಂಬದ ಆ ಪಟ್ಟಿ ಬಿಟ್ಟು ಬಳಿ ಎಂದೆ.
ಬಿಡುವಿನಲ್ಲಿ ಮಕ್ಕಳು ಒಬ್ಬೊಬ್ಬರೇ ಬಂದು
ಮೊಣಕೈ ಇಟ್ಟು ನೋಡುತ್ತಿದ್ದರು.
ಎಂಟನೇ ತರಗತಿಯ ಪುಟಾಣಿಯೊಬ್ಬ ಗೆರೆಗೆ ಸಾಲದೆ
ಹಿಮ್ಮಡಿ ಎತ್ತಿದ.

ಇಳಿಸು, ಎಂದೆ. ನೆಟ್ಟಗೆ ನಿಲ್ಲು.
ಸೀಮೆಸುಣ್ಣ ನನ್ನ ಕೈಯಲ್ಲೇ ಇತ್ತು.